ಖಡಕ್‌ವಾಸ್ಲಾದಲ್ಲಿ ಎಂಟು ಅಡಿ ನೀರು ಉಳಿಸಿದ ಸರ್ ಎಂ. ವಿಶ್ವೇಶ್ವರಯ್ಯ

ಬಾರ್ವಿ ಅಣೆಕಟ್ಟು ತುಂಬಿತು, ಸ್ವಯಂಚಾಲಿತ ಬಾಗಿಲುಗಳು ತೆರೆದುಕೊಂಡವು ಎಂಬ ಸುದ್ದಿ ಶ್ರಾವಣದ ಹೊತ್ತಿಗೆ ಮರಾಠಿ ಪತ್ರಿಕೆಗಳಲ್ಲಿ ಬಂದರೆ ಡೊಂಬಿವಲಿ, ಕಲ್ಯಾಣ್, ಅಂಬರನಾಥ್ ಕಡೆಯ ಮನೆಗಳಲ್ಲಿ ಒಂದು ವರ್ಷದ ನೀರಿನ ಚಿಂತೆ ತಗ್ಗುತ್ತದೆ. ನೀರು ನಿಗದಿತ ಮಟ್ಟಕ್ಕೆ ಏರಿದೊಡನೆ ತಾನಾಗಿ ತೆರೆಯುವ ಇಂಥ ಬಾಗಿಲನ್ನು ನೂರು ವರ್ಷಗಳಿಗೂ ಹಿಂದೆ ಇದೇ ಮುಂಬಯಿ ಪ್ರಾಂತದಲ್ಲಿ ಯೋಜಿಸಿ ನಿಲ್ಲಿಸಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಬಾರ್ವಿಯ ಕಾಲ ಬೇರೆ, ಯಂತ್ರ ಬೇರೆ. ಹಿಂದಿನ ಯೋಚನೆ ಮಾತ್ರ ಅದೇ. ಸೆಪ್ಟೆಂಬರ್ 15ರ ಇಂಜಿನಿಯರ್‌ಗಳ ದಿನ ಬಂತೆಂದರೆ ನಮ್ಮ ಸಂಘಗಳ ವೇದಿಕೆಗಳಲ್ಲಿ ಕನ್ನಂಬಾಡಿ ಕಟ್ಟೆಯ ಮಾತು ಬಂದೇ ಬರುತ್ತದೆ. ಆದರೆ ಅವರ ಉದ್ಯೋಗ ಜೀವನದ ಮೊದಲ ಎರಡು ದಶಕಗಳಿಗೂ ಹೆಚ್ಚು ಕಾಲ ಮುಂಬಯಿ ಸರಕಾರದ ಸೇವೆಯಲ್ಲಿ, ಈ ನೆಲದ ನೀರಿನ ಕೆಲಸದಲ್ಲೇ ಕಳೆಯಿತು ಎಂಬುದನ್ನು ಹೇಳುವವರು ಕಡಿಮೆ.

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಹುಟ್ಟಿದ ವರ್ಷ 1860 ಎಂದೂ 1861 ಎಂದೂ ದಾಖಲಾಗಿದೆ. ಶತಮಾನೋತ್ಸವದ ಅಂಚೆ ಚೀಟಿ ಹೊರಬಂದದ್ದು 1960ರಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರ ಆಸರೆ ಇತ್ತು. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಬಿ.ಎ. ಮುಗಿಸಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆಯಿತು. ಆ ಹಣದಲ್ಲಿ ಪುಣೆಯ ಕಾಲೇಜ್ ಆಫ್ ಸಾಯನ್ಸ್ ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆದರು. ಊರು ಬಿಟ್ಟು ಬಂದು, ಈ ಕಡೆಯಲ್ಲೇ ಓದಿ, ಈ ಕಡೆಯಲ್ಲೇ ನೌಕರಿ ಹಿಡಿದ ಕನ್ನಡಿಗರ ಸಾಲಿನಲ್ಲಿ ಅವರೂ ಒಬ್ಬರು.

ಮೊದಲ ಪೋಸ್ಟಿಂಗ್ ನಾಸಿಕ್. ಬಳಿಕ ಖಾನದೇಶದ ಧುಳೆ ಕಡೆ, ಮಳೆಗಾಲದಲ್ಲಿ ಹೊಳೆಗೆ ಅಡ್ಡವಾಗಿ ನೀರಿನ ಕೊಳವೆ ಹಾಯಿಸುವಂಥ ಕಷ್ಟದ ಕೆಲಸಗಳು. 1894ರ ಸುಮಾರಿಗೆ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕಳುಹಿಸಿದರು. ಅಲ್ಲಿ ಸಿಂಧೂ ನದಿಯ ನೀರಿಗೆ ಕೊರತೆ ಇರಲಿಲ್ಲ, ಆದರೆ ಅದು ಬರೀ ಕೆಸರು. ಶುದ್ಧೀಕರಣದ ತೊಟ್ಟಿಗಳನ್ನು ಕಟ್ಟಿಸಲು ಮುನಿಸಿಪಾಲಿಟಿಯಲ್ಲಿ ದುಡ್ಡಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನೊಳಗೆ ಸೋಸಿ ಬಂದ ತಿಳಿನೀರನ್ನು ಪಂಪಿನಿಂದ ಮೇಲೆತ್ತಿ ಊರಿಗೆ ಕೊಟ್ಟರು. ದುಡ್ಡಿಲ್ಲದ ಕಡೆ ಪ್ರಕೃತಿಯಿಂದಲೇ ಕೆಲಸ ಮಾಡಿಸಿಕೊಳ್ಳುವ ಈ ಜಾಣತನ ಅವರ ಮುಂದಿನ ದೊಡ್ಡ ಕೆಲಸದಲ್ಲೂ ಕಾಣುತ್ತದೆ.

ಆ ದೊಡ್ಡ ಕೆಲಸ ನಡೆದದ್ದು ಪುಣೆಯಲ್ಲಿ. 1899ರಲ್ಲಿ ಅವರು ಅಲ್ಲಿ ಎಕ್ಸಿಕ್ಯೂಟಿವ್ ಇಂಜಿನಿಯರ್ ಆದರು. ರಾನಡೆ, ಗೋಖಲೆಯವರಂಥ ಹಿರಿಯರ ಒಡನಾಟ ಲಭಿಸಿದ್ದು ಪುಣೆಯ ದಿನಗಳಲ್ಲೇ. ಮುಠಾ ನದಿಗೆ ಖಡಕ್‌ವಾಸ್ಲಾದಲ್ಲಿ ಕಟ್ಟಿದ್ದ ಕಲ್ಲಿನ ಅಣೆಕಟ್ಟು ಪುಣೆ ನಗರಕ್ಕೂ ದಂಡಿನ ಪ್ರದೇಶಕ್ಕೂ ಕುಡಿಯುವ ನೀರು ಕೊಡುತ್ತಿತ್ತು. ಅದರ ಕಾಲುವೆಗಳು ಹೊಲಗಳಿಗೂ ಹರಿಯುತ್ತಿದ್ದವು. ಕಟ್ಟಿಸಿದ ಇಂಜಿನಿಯರ್ ಫೈಫ್ ಸಾಹೇಬರ ಹೆಸರಿನಲ್ಲಿ ಆ ಕೆರೆಯನ್ನು ಆಗ ಲೇಕ್ ಫೈಫ್ ಎನ್ನುತ್ತಿದ್ದರು. ಪ್ರತಿ ಮಳೆಗಾಲ ಕೆರೆ ತುಂಬಿ, ಕೋಡಿಯ ಮೇಲೆ ಆರೆಂಟು ಅಡಿ ಎತ್ತರಕ್ಕೆ ನೀರು ಹರಿದು ಹೋಗುತ್ತಿತ್ತು. ಬೇಸಿಗೆ ಬಂದಾಗ ಅದೇ ಪುಣೆಯಲ್ಲಿ ನೀರಿಗೆ ಪರದಾಟ. ಆಷಾಢದಲ್ಲಿ ಎದುರಿಗೇ ಪೋಲಾಗುವ ನೀರು ವೈಶಾಖದಲ್ಲಿ ಸಿಗುವುದಿಲ್ಲ ಎಂಬ ಈ ಸಂಕಟ ಥಾಣೆ ಜಿಲ್ಲೆಯವರಿಗೆ ವಿವರಿಸಬೇಕಾದ್ದಲ್ಲ.

ಗೋಡೆಯನ್ನು ಎತ್ತರಿಸಿದರೆ ಆಯಿತಲ್ಲ ಎಂದು ಯಾರಿಗಾದರೂ ಅನಿಸಬಹುದು. ಅದಕ್ಕೆ ಖರ್ಚು ಹೆಚ್ಚು. ಮೇಲಾಗಿ ಕೋಡಿಯನ್ನೇ ಎತ್ತರಿಸಿಬಿಟ್ಟರೆ ದೊಡ್ಡ ನೆರೆ ಬಂದ ದಿನ ನೀರು ಅದರ ಮೇಲೂ ಆರೆಂಟು ಅಡಿ ಏರುತ್ತದೆ. ಹಳೆಯ ಗೋಡೆಯ ಮೇಲೆ ಅಷ್ಟು ಭಾರ ಹೇರುವಂತಿಲ್ಲ. ಕೋಡಿಯ ಮೇಲೆ ಸಾಧಾರಣ ಬಾಗಿಲುಗಳನ್ನು ಇಟ್ಟರೆ ಅವನ್ನು ತೆರೆಯಲು ಆಳುಗಳು ಬೇಕು. ಕಗ್ಗತ್ತಲ ರಾತ್ರಿ, ಸುರಿಯುವ ಮಳೆಯಲ್ಲಿ ಕಾವಲುಗಾರ ಒಂದು ಗಳಿಗೆ ಮೈಮರೆತರೂ ಕೆಳಗಿನ ಊರಿಗೆ ಅಪಾಯ. ವಿಶ್ವೇಶ್ವರಯ್ಯನವರು ಯೋಜಿಸಿದ ಬಾಗಿಲುಗಳು ತೂಕಕ್ಕೆ ತೂಕ ಸರಿತೂಗುವಂತೆ ನಿಂತವು. ನೀರು ಹಳೆಯ ಕೋಡಿಗಿಂತ ಎಂಟು ಅಡಿ ಮೇಲೆ ಬರುವ ತನಕ ಅವು ಮುಚ್ಚಿಯೇ ಇರುತ್ತವೆ. ಮಟ್ಟ ಅದನ್ನು ಮೀರಿದರೆ ನೀರಿನ ಒತ್ತಡದಿಂದಲೇ ತೆರೆದು ಹೆಚ್ಚಿನ ನೀರನ್ನು ಹೊರಬಿಡುತ್ತವೆ. ಇಳಿದೊಡನೆ ಮತ್ತೆ ಮುಚ್ಚಿಕೊಳ್ಳುತ್ತವೆ. 1903ರ ಹೊತ್ತಿಗೆ ಬಾಗಿಲುಗಳು ಸ್ಥಾಪನೆಯಾದವು. ಗೋಡೆಯನ್ನು ಎತ್ತರಿಸದೆಯೇ ಕೆರೆಯ ಸಂಗ್ರಹ ಸುಮಾರು ಕಾಲು ಭಾಗ ಹೆಚ್ಚಿತು.

ಈ ಬಾಗಿಲಿಗೆ ಅವರು ಪೇಟೆಂಟ್ ಪಡೆದರು. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿನಲ್ಲಿ, ಕನ್ನಂಬಾಡಿಯಲ್ಲಿ ಇದೇ ಪದ್ಧತಿ ಬಳಕೆಗೆ ಬಂತು. ರಾಯಲ್ಟಿ ಪಡೆಯುವ ಹಕ್ಕು ಅವರಿಗಿತ್ತು. ಸರಕಾರದ ಸಂಬಳ ಪಡೆಯುತ್ತಿದ್ದಾಗ ಮಾಡಿದ ಕೆಲಸಕ್ಕೆ ಬೇರೆ ಹಣ ಸಲ್ಲದೆಂದು ಅವರು ಒಂದು ಕಾಸನ್ನೂ ತೆಗೆದುಕೊಳ್ಳಲಿಲ್ಲ. ಲೆಕ್ಕ ಪುಸ್ತಕ ಬಲ್ಲವರಿಗೆ ಗೊತ್ತು, ಹೀಗೆ ಬಿಟ್ಟುಕೊಟ್ಟ ಹಣ ಯಾವ ಜಮಾ-ಖರ್ಚಿನಲ್ಲೂ ಕಾಣಿಸುವುದಿಲ್ಲ.

ಅದೇ ದಿನಗಳಲ್ಲಿ ಕಾಲುವೆ ನೀರನ್ನು ಸರದಿಯಂತೆ ಹಂಚುವ ಬ್ಲಾಕ್ ಪದ್ಧತಿಯನ್ನೂ ಜಾರಿಗೆ ತಂದರು. ಬಳಿಕ ಪ್ರಾಂತದ ನೈರ್ಮಲ್ಯ ಇಂಜಿನಿಯರ್ ಆಗಿ ಊರೂರುಗಳ ನೀರು-ಒಳಚರಂಡಿ ಯೋಜನೆಗಳನ್ನು ನೋಡಿಕೊಂಡರು. ಆ ಕೆಲಸಕ್ಕಾಗಿ 1906ರಲ್ಲಿ ಏಡನ್ ಬಂದರಿಗೂ ಹೋಗಿ ಬಂದರು. ಹಲವು ಹಿರಿಯರನ್ನು ದಾಟಿ ಬಡ್ತಿ ಸಿಕ್ಕಿತ್ತು. ಆದರೆ ಚೀಫ್ ಇಂಜಿನಿಯರ್ ಹುದ್ದೆ ಆಗ ಬಿಳಿಯರ ಪಾಲಿನದು. ಮೇಲಕ್ಕೆ ದಾರಿಯಿಲ್ಲ ಎಂದು ಮನಗಂಡು, ಇನ್ನೂ 50 ತುಂಬುವ ಮುನ್ನವೇ, 1908ರಲ್ಲಿ ಸ್ವಇಚ್ಛೆಯಿಂದ ನಿವೃತ್ತರಾದರು.

ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಮೂಸಿ ನದಿಯ ನೆರೆ ಹೈದರಾಬಾದಿನಲ್ಲಿ ಸಾವಿರಾರು ಜನರ ಪ್ರಾಣ ತೆಗೆಯಿತು. ನಿಜಾಮರ ಕರೆಯಂತೆ ವಿಶ್ವೇಶ್ವರಯ್ಯನವರು ಸಿದ್ಧಪಡಿಸಿದ ಯೋಜನೆಯ ಫಲವೇ ಉಸ್ಮಾನ್ ಸಾಗರ್ ಮತ್ತು ಹಿಮಾಯತ್ ಸಾಗರ್. ನೆರೆ ತಡೆಯಲೆಂದು ಕಟ್ಟಿದ ಕೆರೆಗಳು ಊರಿಗೆ ಕುಡಿಯುವ ನೀರೂ ಆದವು, ಸಂಜೆ ಹೊತ್ತು ಕಳೆಯುವ ತಾಣಗಳೂ ಆದವು.

1909ರ ನವೆಂಬರಿನಲ್ಲಿ ಮೈಸೂರಿನ ಚೀಫ್ ಇಂಜಿನಿಯರ್, 1912ರಿಂದ 1918ರ ತನಕ ದಿವಾನರು, 1915ರಲ್ಲಿ ಸರ್ ಪದವಿ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಥೆ ಎಲ್ಲರಿಗೂ ತಿಳಿದದ್ದೇ. ಮದ್ರಾಸ್ ಸರಕಾರದ ಆಕ್ಷೇಪದಿಂದಾಗಿ ಮೊದಲು 80 ಅಡಿಗೆ ಮಾತ್ರ ಒಪ್ಪಿಗೆ ಸಿಕ್ಕಿದ್ದರೂ ಪೂರ್ಣ ಎತ್ತರಕ್ಕೆ ಸಾಕಾಗುವ ಅಡಿಪಾಯವನ್ನೇ ಹಾಕಿಸಿದರು. ಕಟ್ಟೆ ಮುಗಿಯಲು ಎರಡು ದಶಕ ಹಿಡಿಯಿತು. ಪ್ರವಾಸಿಗರು ಮುಗಿಬೀಳುವ ಬೃಂದಾವನ ಉದ್ಯಾನ ಅವರದಲ್ಲ, ಮುಂದೆ ದಿವಾನರಾದ ಮಿರ್ಜಾ ಇಸ್ಮಾಯಿಲರ ಕಾಲದ್ದು. ಮಂಡ್ಯದ ಗದ್ದೆಗಳು ಹಸಿರಾದವು. ಹಳೆಯ ಕನ್ನಂಬಾಡಿ ಊರು ನೀರಿನಡಿ ಸೇರಿತು, ಅಲ್ಲಿನವರು ಮನೆಮಠ ಬಿಟ್ಟು ಹೊರಡಬೇಕಾಯಿತು. ಇವೆರಡನ್ನೂ ಒಟ್ಟಿಗೇ ಹೇಳಬೇಕು. ಸರಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೆ ಮೀಸಲಾತಿ ಕೊಡುವ ವಿಚಾರದಲ್ಲಿ ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ಬಂದು ದಿವಾನಗಿರಿ ಬಿಟ್ಟರು. ಆ ವಿಷಯದಲ್ಲಿ ಕಾಲ ಮಹಾರಾಜರ ಪಕ್ಷ ವಹಿಸಿತು ಎನ್ನಬೇಕು.

ಮುಂಬಯಿಯ ನಂಟು ಮತ್ತೆ ಬೆಳೆಯಿತು. 1921-22ರಲ್ಲಿ ಪ್ರಾಂತದ ತಾಂತ್ರಿಕ ಶಿಕ್ಷಣ ಸಮಿತಿಯ ಅಧ್ಯಕ್ಷತೆ, 1924-25ರಲ್ಲಿ ಮುಂಬಯಿ ಮಹಾನಗರ ಪಾಲಿಕೆಗೆ ಖರ್ಚು ಕಡಿತದ ಸಲಹೆ, 1926ರಲ್ಲಿ ಬ್ಯಾಕ್‌ಬೇ ತನಿಖಾ ಸಮಿತಿಯ ಸದಸ್ಯತ್ವ. ಮುಂಬಯಿಯಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಿಡಿದು ಓಡಾಡಿದರು. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಆರಂಭಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕುರ್ಲಾದಲ್ಲಿ ಕಾರು ತಯಾರಿಸಿತು. ಡೊಂಬಿವಲಿಯ ಹಳಬರಿಗೆ ಕಲ್ಯಾಣ್-ಶೀಳ್ ರಸ್ತೆಯ ಪ್ರೀಮಿಯರ್ ಕಾರ್ಖಾನೆ ನೆನಪಿರಬಹುದು. 1955ರಲ್ಲಿ ಭಾರತ ರತ್ನ ಪ್ರಶಸ್ತಿ ಅವರಿಗೆ ಸಂದಿತು.

1961ರ ಜುಲೈ 12ರಂದು ಖಡಕ್‌ವಾಸ್ಲಾದ ಮೇಲ್ಭಾಗದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಪಾನ್‌ಶೆತ್ ಅಣೆಕಟ್ಟು ಮೊದಲ ಮಳೆಗಾಲದಲ್ಲೇ ಒಡೆಯಿತು. ಸೈನಿಕರು ಮರಳು ಚೀಲ ಪೇರಿಸಿ ನಡೆಸಿದ ಹೋರಾಟ ವ್ಯರ್ಥವಾಯಿತು. ಇಡೀ ಜಲಾಶಯದ ನೀರು ಒಮ್ಮೆಲೇ ಖಡಕ್‌ವಾಸ್ಲಾಕ್ಕೆ ನುಗ್ಗಿತು. ಯಾವ ಬಾಗಿಲೂ ಹೊರಬಿಡಲಾರದಷ್ಟು ನೀರು ಅದು. ಕೆಲವು ತಾಸು ತಡೆದು ನಿಂತ ಹಳೆಯ ಕಲ್ಲಿನ ಗೋಡೆಯೂ ಅದೇ ದಿನ ಬಿರಿಯಿತು. ಪುಣೆಯ ನದಿದಂಡೆಯ ಪೇಟೆಗಳು ಮುಳುಗಿದವು, ಬಹಳ ಮಂದಿ ಸತ್ತರು, ನಗರದ ಕುಡಿಯುವ ನೀರಿನ ಆಧಾರವೇ ತಪ್ಪಿಹೋಯಿತು. ಅರ್ಧ ಶತಮಾನಕ್ಕೂ ಹಿಂದೆ ಆ ಗೋಡೆಯ ಮೇಲೆ ಬಾಗಿಲು ನಿಲ್ಲಿಸಿದವರು ಆಗ ನೂರರ ಅಂಚಿನಲ್ಲಿದ್ದರು. ಒಂಬತ್ತು ತಿಂಗಳು ಕಳೆದು, 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆ ಹುಟ್ಟೂರು ಮುದ್ದೇನಹಳ್ಳಿಯಲ್ಲಿ ನಡೆಯಿತು.

ಖಡಕ್‌ವಾಸ್ಲಾವನ್ನು ಮತ್ತೆ ಕಟ್ಟಿ ನಿಲ್ಲಿಸಲಾಯಿತು. ಪುಣೆಗೆ ಈಗಲೂ ನೀರು ಅಲ್ಲಿಂದಲೇ. ಸಿಂಹಗಡಕ್ಕೆ ಹೋಗುವ ದಾರಿಯಲ್ಲೇ ಇರುವ ಆ ಕೆರೆಯ ದಂಡೆಯನ್ನು ಜನ ಚೌಪಾಟಿ ಎನ್ನುತ್ತಾರೆ. ಭಾನುವಾರ ಅಲ್ಲಿ ಸುಟ್ಟ ಮೆಕ್ಕೆಜೋಳ, ಕಾಂದಾ ಭಜಿ ತಿನ್ನುವವರ ಗದ್ದಲ. ನಮ್ಮ ಕಡೆಯಿಂದ ಪುಣೆಗೆ ಹೋದವರು ಸ್ವಾರಗೇಟ್‌ನಿಂದ ಬಸ್ಸಿನಲ್ಲಿ ಹೋಗಿ ನೋಡಿ ಬರಬಹುದು.