ಪಾಠದ ಕೊಠಡಿಯಿಂದ ವಸ್ತುಸಂಗ್ರಹಾಲಯಕ್ಕೆ: ವಂದನೀಯ ಹೆನ್ರಿ ಹೆರಾಸ್ ಸ್ವಾಮಿಗಳು

ನಮ್ಮ ವಿಚಾರಣೆಯ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಗತಕಾಲವನ್ನು ಸ್ಮರಿಸುವುದು ನಮ್ಮೆಲ್ಲರ ಕರ್ತವ್ಯ. ಗತಕಾಲವನ್ನು ಕಾಪಾಡುವ ಬಗೆ ಯಾವುದೆಂಬುದನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಯೇಸುಸಭೆಯ ಗುರುವರ್ಯರೊಬ್ಬರ ಜೀವನವನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಅವರೇ ಮುಂಬಯಿಯ ವಂದನೀಯ ಹೆನ್ರಿ ಹೆರಾಸ್ ಸ್ವಾಮಿಗಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ನಮಗೂ ಮುಂಬಯಿಯ ಗುರುಗಳಿಗೂ ಏನು ಸಂಬಂಧವೆಂದು ಕೆಲವರು ಕೇಳಿಯಾರು. ಕನ್ನಡ ನಾಡಿನ ಚರಿತ್ರೆಗೆ ಅವರು ಸಲ್ಲಿಸಿದ ಸೇವೆಯನ್ನು ಅರಿತಾಗ ಆ ಸಂಶಯ ತಾನಾಗಿಯೇ ಕಳೆಯುತ್ತದೆ.

ಹೆರಾಸ್ ಸ್ವಾಮಿಗಳು 1888ರ ಸೆಪ್ಟೆಂಬರ್ 11ರಂದು ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಜನಿಸಿದರು. ತಾರುಣ್ಯದಲ್ಲಿಯೇ ಯೇಸುಸಭೆಯನ್ನು ಸೇರಿ, ಸ್ವದೇಶದಲ್ಲಿ ಚರಿತ್ರೆಯ ಅಧ್ಯಾಪಕರಾಗಿದ್ದು, 1922ರಲ್ಲಿ ಮುಂಬಯಿಯ ಸಂತ ಝೇವಿಯರ್ ಕಾಲೇಜಿಗೆ ಬಂದರು. ಯಾವ ಚರಿತ್ರೆಯನ್ನು ಬೋಧಿಸುವಿರೆಂದು ಪ್ರಾಂಶುಪಾಲರು ಕೇಳಲು, ಭಾರತದ ಚರಿತ್ರೆಯನ್ನೇ ಬೋಧಿಸುವುದಾಗಿ ಅವರು ಹೇಳಿದರಂತೆ. ಆ ವಿಷಯದಲ್ಲಿ ತಮಗೆ ಏನೂ ತಿಳಿಯದೆಂದೂ, ಇನ್ನು ಮೇಲೆ ಕಲಿಯುವುದಾಗಿಯೂ ವಿನಯದಿಂದ ಒಪ್ಪಿಕೊಂಡರೆಂದು ಪ್ರತೀತಿಯಿದೆ.

ಕಲಿಯತೊಡಗಿದ ಮೇಲೆ ಅವರಿಗೆ ಒಂದು ಕೊರತೆ ಕಂಡುಬಂದಿತು. ಪಠ್ಯಪುಸ್ತಕವನ್ನು ಓದಿ ಒಪ್ಪಿಸುವ ವಿದ್ಯಾರ್ಥಿಗಳಿದ್ದರು. ಶಾಸನವನ್ನು, ನಾಣ್ಯವನ್ನು, ಶಿಲ್ಪವನ್ನು ತಾವೇ ಕಂಡು ಪರಿಶೀಲಿಸುವ ಅವಕಾಶ ಅವರಿಗಿರಲಿಲ್ಲ. ಆಧಾರವನ್ನು ನೋಡದವನು ಚರಿತ್ರೆಯನ್ನು ಹೇಗೆ ತಾನೇ ಬರೆದಾನು? ಈ ಕೊರತೆಯನ್ನು ನೀಗಿಸಲೆಂದು ಅವರು 1926ರಲ್ಲಿ ಅದೇ ಕಾಲೇಜಿನಲ್ಲಿ ಭಾರತೀಯ ಚರಿತ್ರೆಯ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಗ್ರಂಥಭಂಡಾರದ ಜೊತೆಗೆ ಅಲ್ಲಿ ವಸ್ತುಸಂಗ್ರಹಾಲಯವೂ ಬೆಳೆಯಿತು. ಹಳೆಯ ನಾಣ್ಯಗಳು, ಶಿಲಾಮೂರ್ತಿಗಳು, ಹಸ್ತಪ್ರತಿಗಳು ಮತ್ತು ಭಾರತದ ಕುಶಲಕರ್ಮಿಗಳು ದಂತದಲ್ಲಿ ಕೆತ್ತಿದ ಕ್ರೈಸ್ತ ಮೂರ್ತಿಗಳು ಅಲ್ಲಿ ಸೇರಿದವು. ಅಧ್ಯಾಪನವನ್ನು ಅವರು ತೊರೆಯಲಿಲ್ಲ. ಸಂಗ್ರಹಾಲಯವನ್ನೇ ತಮ್ಮ ದೊಡ್ಡ ತರಗತಿಯನ್ನಾಗಿ ಮಾಡಿಕೊಂಡರು.

ಅವರ ಸಂಶೋಧನೆಯ ಮುಖ್ಯ ಕ್ಷೇತ್ರ ನಮ್ಮ ವಿಜಯನಗರವೇ ಆಗಿತ್ತು. ಅರವೀಡು ವಂಶವನ್ನು ಕುರಿತ ಅವರ ಬೃಹದ್ಗ್ರಂಥ 1927ರಲ್ಲಿ ಪ್ರಕಟವಾಯಿತು. 1929ರ ಗ್ರಂಥದಲ್ಲಿ ಅವರು ವಿಜಯನಗರದ ಸ್ಥಾಪನೆಯನ್ನು ಹೊಯ್ಸಳ ಮೂರನೆಯ ಬಲ್ಲಾಳನೊಡನೆ ಸಂಬಂಧಿಸಿ ವಾದಿಸಿದರು. ಅದನ್ನು ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. ಇಕ್ಕೇರಿಯ ವೆಂಕಟಪ್ಪ ನಾಯಕನ ಯುದ್ಧಗಳನ್ನು ಕುರಿತೂ ಅವರು ಬರೆದರು. ಚನ್ನಗಿರಿಗೆ ಹೆಸರು ಕೊಟ್ಟಳೆಂದು ನಮ್ಮ ಹಿರಿಯರು ಹೇಳುವ ರಾಣಿ ಚೆನ್ನಮ್ಮಾಜಿಯೂ ಅದೇ ಕೆಳದಿ ಮನೆತನದವಳು. ಅವರ ಶಿಷ್ಯ ಜಾರ್ಜ್ ಮೊರಾಯಿಸ್ ಬನವಾಸಿಯ ಕದಂಬರ ಚರಿತ್ರೆಯನ್ನು 1931ರಲ್ಲಿ ಹೊರತಂದರು. ಸಿಂಧೂ ಲಿಪಿಯನ್ನು ಓದಲು ಹೆರಾಸ್ ಸ್ವಾಮಿಗಳು ಮಾಡಿದ ದೀರ್ಘ ಪ್ರಯತ್ನ ಮಾತ್ರ ವಿದ್ವಾಂಸರ ಮನ್ನಣೆಯನ್ನು ಪಡೆಯಲಿಲ್ಲ. ಆದರೂ ಶ್ರಮ ವ್ಯರ್ಥವಾದೀತೆಂಬ ಭಯದಿಂದ ಅವರು ಹಿಂಜರಿದವರಲ್ಲ.

ಕಲೆಯ ವಿಷಯದಲ್ಲಿಯೂ ಅವರಿಗೆ ದೃಢವಾದ ನಿಲುವಿತ್ತು. ಕ್ರಿಸ್ತನ ಸಂದೇಶ ಭಾರತಕ್ಕೆ ಬಂದ ಮೇಲೆ ಭಾರತದ ರೂಪವನ್ನು ಧರಿಸಬೇಕೆಂದು ಅವರು ನಂಬಿದ್ದರು. ಶಾಂತಿನಿಕೇತನದಲ್ಲಿ ಕಲಿತ ಗೋವೆಯ ಚಿತ್ರಕಾರ ಆಂಜೆಲೊ ದ ಫೊನ್ಸೆಕ (1902–1967) ಮಾತೆ ಮರಿಯಮ್ಮನವರನ್ನು ಸೀರೆಯುಟ್ಟ ತಾಯಿಯಾಗಿ ಚಿತ್ರಿಸಿದಾಗ ಸ್ವಜನರಲ್ಲಿಯೇ ಹಲವರು ಮುನಿದರು. ಹೆರಾಸ್ ಸ್ವಾಮಿಗಳು ಆ ಕಲಾವಿದನ ಬೆನ್ನಿಗೆ ನಿಂತರು. ಹೊರಗಿನ ರೂಪ ಬೆರೆತರೆ ಒಳಗಿನ ಸತ್ತ್ವ ಕೆಡುವುದಿಲ್ಲವೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಪುಷ್ಕರಣಿಯ ನಡುವಣ ಮಂಟಪವನ್ನು ನೋಡಿದರೆ ಸಾಕು. ಹಿಂದೂ ಮತ್ತು ಇಸ್ಲಾಮೀ ಶೈಲಿಗಳೆರಡೂ ಅಲ್ಲಿ ಅಕ್ಕಪಕ್ಕದಲ್ಲಿ ಶೋಭಿಸುತ್ತಿವೆ.

1955ರ ಡಿಸೆಂಬರ್ 14ರಂದು ಹೆರಾಸ್ ಸ್ವಾಮಿಗಳು ಮುಂಬಯಿಯಲ್ಲಿ ಪ್ರಭುವಿನಲ್ಲಿ ನಿದ್ರೆ ಹೋದರು. ಅವರು ಕಟ್ಟಿದ ಸಂಸ್ಥೆ ಅವರ ಹೆಸರನ್ನೇ ಧರಿಸಿತು. 1981ರಲ್ಲಿ ಭಾರತ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರಡಿಸಿತು.

ಅವರ ಬಾಳಿನಿಂದ ನಾವು ಕಲಿಯಬೇಕಾದುದೇನು? ದೇವಾಲಯವನ್ನು ನವೀಕರಿಸುವ ಉತ್ಸಾಹದಲ್ಲಿ ಹಳೆಯದನ್ನೆಲ್ಲ ಮೂಲೆಗೆ ತಳ್ಳುವುದು ಸುಲಭ. ಅಂಚು ಹರಿದ ಜ್ಞಾನಸ್ನಾನದ ದಫ್ತರದಲ್ಲಿ ನಮ್ಮ ಮುತ್ತಜ್ಜಂದಿರ ಹೆಸರುಗಳಿವೆ. ಬಣ್ಣ ಮಾಸಿದ ಮರದ ಪ್ರತಿಮೆಯ ಮುಂದೆ ಅವರು ಬರಗಾಲದಲ್ಲಿ ಮೊಣಕಾಲೂರಿ ಬೇಡಿಕೊಂಡಿದ್ದರು. ಇವು ಒಮ್ಮೆ ಗೆದ್ದಲಿಗೆ ಆಹಾರವಾದರೆ ಯಾವ ಪಂಡಿತನೂ ಅವನ್ನು ಮರಳಿ ತರಲಾರ. ಆದುದರಿಂದ ಪ್ರತಿ ಮನೆಯವರೂ ತಮ್ಮಲ್ಲಿರುವ ಹಳೆಯ ಪತ್ರ, ಭಾವಚಿತ್ರ, ಜಪಸರ, ಪ್ರಾರ್ಥನಾ ಪುಸ್ತಕಗಳನ್ನು ಜೋಪಾನವಾಗಿಡಬೇಕು. ಅವು ಯಾರವು, ಯಾವ ಕಾಲದವು ಎಂಬುದನ್ನು ಬರೆದಿಡಬೇಕು. ದೇವಾಲಯದ ಒಂದು ಬೀರುವಿನಲ್ಲಿಯಾದರೂ ಇವುಗಳಿಗೆ ಸ್ಥಳ ದೊರೆಯಲೆಂದು ನಾವು ಪ್ರಾರ್ಥಿಸುತ್ತೇವೆ. ದ್ವಿಶತಮಾನೋತ್ಸವವನ್ನು ಆಚರಿಸುವ ನಮ್ಮ ಮರಿಮಕ್ಕಳು ಆ ಬೀರುವನ್ನು ತೆರೆದು ನಮ್ಮನ್ನು ನೆನೆಯುವಂತಾಗಲಿ.