ಫ್ಯಾಕ್ಟ್‌ಚೆಕ್: ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ವ್ಯಾಯಾಮ ಮಾಡಿದರೆ ಬಿಗಿತ ಹೆಚ್ಚುತ್ತದೆಯೇ? ಬರ್ಟಾ ಬೊಬಾತ್ ಕಥೆ ಓದಿ

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಭಾರ ಎತ್ತಿಸಬೇಡಿ, ದಣಿಸಬೇಡಿ, ಕೈಕಾಲು ಇನ್ನಷ್ಟು ಸೆಟೆದುಕೊಳ್ಳುತ್ತದೆ ಎಂಬ ಮಾತು ನಮ್ಮ ಕುರುಬರಹಳ್ಳಿಯ ಮನೆಗಳಲ್ಲೂ ಕೇಳಿಬರುತ್ತದೆ. ಇದನ್ನು ಅಜ್ಜಿ ಕಥೆ ಎಂದು ತಳ್ಳಿಹಾಕುವ ಹಾಗಿಲ್ಲ. ಒಂದು ಕಾಲದಲ್ಲಿ ಫಿಸಿಯೋಥೆರಪಿ ತರಗತಿಗಳಲ್ಲೇ ಇದನ್ನು ಕಲಿಸುತ್ತಿದ್ದರು. ಈ ನಂಬಿಕೆಗೆ ಬಲ ಕೊಟ್ಟವರಲ್ಲಿ ಬರ್ಟಾ ಬೊಬಾತ್ ಹೆಸರು ದೊಡ್ಡದು.

ಬರ್ಟಾ ಹುಟ್ಟಿದ್ದು 1907ರಲ್ಲಿ, ಬರ್ಲಿನ್‌ನಲ್ಲಿ. ಕಲಿತದ್ದು ಜಿಮ್ನಾಸ್ಟಿಕ್ಸ್. ಹೌದು, ವ್ಯಾಯಾಮದ ಟೀಚರ್! ಯಹೂದಿಯಾಗಿದ್ದ ಅವರು ಹಿಟ್ಲರ್ ಆಡಳಿತದಿಂದ ತಪ್ಪಿಸಿಕೊಂಡು ಲಂಡನ್ ಸೇರಿದರು. ಅಲ್ಲಿ 1941ರಲ್ಲಿ, ಅವರ ಹಾಗೆಯೇ ಬರ್ಲಿನ್ ಬಿಟ್ಟು ಬಂದಿದ್ದ ಡಾಕ್ಟರ್ ಕರೇಲ್ ಬೊಬಾತ್ ಅವರನ್ನು ಮದುವೆಯಾದರು.

1940ರ ದಶಕದಲ್ಲಿ ಲಕ್ವ ಹೊಡೆದ ಒಬ್ಬ ಚಿತ್ರಕಾರರಿಗೆ ಬರ್ಟಾ ಚಿಕಿತ್ಸೆ ಕೊಡುತ್ತಿದ್ದರು. ಸೆಟೆದ ಕೈ ಹಾಗೇ ಉಳಿಯುತ್ತದೆ ಎಂದು ಆಗ ನಂಬಿದ್ದರು. ಆದರೆ ದೇಹವನ್ನು ಹಿಡಿಯುವ, ತಿರುಗಿಸುವ ರೀತಿ ಬದಲಾದರೆ ಬಿಗಿತವೂ ಸಡಿಲವಾಗುವುದನ್ನು ಅವರು ಗಮನಿಸಿದರು. ಕಣ್ಣಿಗೆ ಕಂಡದ್ದನ್ನು ಅವರು ಕೈಯಲ್ಲಿ ಮಾಡಿ ತೋರಿಸುತ್ತಿದ್ದರು. ಅದು ಏಕೆ ಹಾಗೆ ಎಂದು ವಿವರಿಸುವ ಕೆಲಸ ಕರೇಲ್ ಅವರದ್ದು. 1951ರಲ್ಲಿ ಇಬ್ಬರೂ ಲಂಡನ್‌ನಲ್ಲಿ ಸೆರೆಬ್ರಲ್ ಪಾಲ್ಸಿ ಮಕ್ಕಳಿಗಾಗಿ ಕೇಂದ್ರ ತೆರೆದರು. ಇಂದು ಎನ್‌ಡಿಟಿ ಎಂದು ಕರೆಯುವ ಥೆರಪಿ ಬೆಳೆದದ್ದು ಇಲ್ಲಿಂದಲೇ.

ಬ್ರೇಸ್ ಹಾಕಿ, ಆಪರೇಷನ್ ಮಾಡಿ ಸುಮ್ಮನಾಗುತ್ತಿದ್ದ ಕಾಲದಲ್ಲಿ ಮಗುವಿನ ಮಿದುಳು ಕಲಿಯಬಲ್ಲದು ಎಂದು ಹೇಳಿದ್ದು ಸಣ್ಣ ಮಾತಲ್ಲ. ಆದರೆ ಅದರ ಜೊತೆಗೇ ಇನ್ನೊಂದು ಎಚ್ಚರಿಕೆ ಬಂತು: ಹೆಚ್ಚು ಶ್ರಮ ಹಾಕಿದರೆ ಬಿಗಿತ ಹೆಚ್ಚುತ್ತದೆ. ಹೀಗಾಗಿ ಸ್ನಾಯು ಬಲಪಡಿಸುವ ವ್ಯಾಯಾಮ ದಶಕಗಳ ಕಾಲ ಬಹುತೇಕ ನಿಂತೇಹೋಯಿತು. ಅನುಭವಿಸಿದ್ದು ಮಕ್ಕಳು. ಏಕೆಂದರೆ ಬಿಗಿಯಾದ ಸ್ನಾಯು ಗಟ್ಟಿಮುಟ್ಟಾದ ಸ್ನಾಯುವಲ್ಲ, ಅದು ದುರ್ಬಲವೂ ಆಗಿರುತ್ತದೆ. ಬಳಸದಿದ್ದರೆ ಇನ್ನೂ ದುರ್ಬಲವಾಗುತ್ತದೆ.

ಬೊಬಾತ್ ದಂಪತಿ ತಮ್ಮ ವಿಧಾನವನ್ನು ತಾವೇ ತಿದ್ದುತ್ತಾ ಹೋದರು ಎಂಬುದನ್ನೂ ಹೇಳಲೇಬೇಕು. 1991ರ ಜನವರಿಯಲ್ಲಿ ಇಬ್ಬರೂ ಒಂದೇ ದಿನ ತೀರಿಕೊಂಡರು.

ಅದೇ ದಶಕದಲ್ಲಿ ಅಮೆರಿಕದ ಸಂಶೋಧಕರು ಈ ಮಕ್ಕಳಿಗೆ ಕಾಲಿನ ಬಲದ ವ್ಯಾಯಾಮ ಮಾಡಿಸಿ ನೋಡಿದರು. ಬಲ ಹೆಚ್ಚಿತು, ಭಯಪಟ್ಟ ಹಾಗೆ ಬಿಗಿತ ಹೆಚ್ಚಲಿಲ್ಲ. 2017ರಲ್ಲಿ ಕಾಕ್ರೇನ್ ಸಂಸ್ಥೆ 29 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಉಸಿರು ಏರುವಂಥ ವ್ಯಾಯಾಮದಿಂದ ಚಲನೆ ಸುಧಾರಿಸಬಹುದು, ಭಾರದ ವ್ಯಾಯಾಮದಿಂದ ಸ್ನಾಯು ಬಲವಾಗುತ್ತದೆ, ಆದರೆ ಅದರಿಂದ ನಡಿಗೆಯ ವೇಗ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಅಂದರೆ ಜಿಮ್‌ಗೆ ಕಳಿಸಿದರೆ ಸಿ.ಪಿ. ವಾಸಿಯಾಗುತ್ತದೆ ಎನ್ನುವ ಫಾರ್ವರ್ಡ್ ಕೂಡ ಸುಳ್ಳೇ.

2016ರ ತಜ್ಞರ ಶಿಫಾರಸು ಹೀಗಿದೆ: ವಾರಕ್ಕೆ 1-2 ದಿನದಿಂದ ಶುರುಮಾಡಿ, ನಿಧಾನವಾಗಿ 3 ದಿನಕ್ಕೆ ಏರಿಸುವುದು. ಬಲದ ವ್ಯಾಯಾಮ ವಾರಕ್ಕೆ 2ರಿಂದ 4 ಸಲ, ಆದರೆ ಬೆನ್ನುಬೆನ್ನಿಗೆ ಎರಡು ದಿನ ಬೇಡ. ಫಿಟ್ಸ್, ಸೊಂಟದ ಕೀಲಿನ ತೊಂದರೆ ಇರುವ ಮಕ್ಕಳೂ ಇರುವುದರಿಂದ ಮೊದಲು ಡಾಕ್ಟರ್ ಮತ್ತು ಫಿಸಿಯೋಥೆರಪಿಸ್ಟ್ ನೋಡಬೇಕು. ಬೆಂಗಳೂರಿನಲ್ಲಾದರೆ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದ ಇಂಥ ಮಕ್ಕಳಿಗಾಗಿ ಕೆಲಸ ಮಾಡುತ್ತಿದೆ.