ಟ್ರಂಕಿನ ಖಣ ಮತ್ತು ಕಾರ್ಮೆನ್ ಮಿರಾಂಡಾ

ಈ ಸಲದ ನಮ್ಮ ಮಹಿಳಾ ವಿಭಾಗದ ಕಾರ್ಯಕ್ರಮಕ್ಕೆ ಎಲ್ಲರೂ ಹಳೆಯ ಕಾಲದ ಸಿನಿಮಾ ತಾರೆಯ ವೇಷದಲ್ಲಿ ಬರಬೇಕು, ಬಟ್ಟೆ ಮಾತ್ರ ಮನೆಯಲ್ಲಿ ಇದ್ದದ್ದೇ ಆಗಬೇಕು, ಅಂಗಡಿಗೆ ಹೋಗುವ ಹಾಗಿಲ್ಲ ಎಂದು ಠರಾವು ಮಾಡಿದ್ದು ನಿಮಗೆಲ್ಲ ನೆನಪಿರಬೇಕು. ಹೆಚ್ಚಿನ ಗೆಳತಿಯರು ಅಮ್ಮನ ಕಾಲದ ಸೀರೆ, ಪಫ್ ತೋಳಿನ ರವಿಕೆಯಲ್ಲಿ ಚೆಂದವಾಗಿ ಬಂದರು. ನಾನೊಬ್ಬಳು ತಲೆಯ ಮೇಲೆ ಬಾಳೆಹಣ್ಣು ಹೊತ್ತುಕೊಂಡು ಬಂದೆ. ಅಂದು ನಕ್ಕವರಿಗೂ, ಇವಳು ಯಾರ ವೇಷ ಹಾಕಿದ್ದಾಳೆ ಎಂದು ಕೇಳಿದವರಿಗೂ ವೇದಿಕೆಯ ಮೇಲಿನ ಎರಡು ನಿಮಿಷದಲ್ಲಿ ಉತ್ತರ ಕೊಡಲಾಗಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ.

ನನ್ನ ಮಂಚದ ಕೆಳಗೆ ಒಂದು ಟ್ರಂಕು ಇದೆ. ಅದರಲ್ಲಿ ಮೂವತ್ತು ವರ್ಷದ ಖಣಗಳಿವೆ. ಪ್ರತಿ ಸಲ ಬಾಗಲಕೋಟೆ ಕಡೆಯ ತವರಿಗೆ ಹೋದಾಗ ಅವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಗುಳೇದಗುಡ್ಡದ ಖಣ ಇಟ್ಟು ಉಡಿ ತುಂಬುತ್ತಿದ್ದಳು. ಮುಂಬೈಗೆ ಬಂದ ಮೇಲೆ ಅಕ್ಕಿ ಅನ್ನವಾಗುತ್ತಿತ್ತು, ಖಣ ಟ್ರಂಕಿಗೆ ಹೋಗುತ್ತಿತ್ತು. ಲೋಕಲ್ ರೈಲಿನಲ್ಲಿ ಆಫೀಸಿಗೆ ಹೋಗುವವಳು ಖಣದ ಕುಪ್ಪಸ ಹೊಲಿಸಿ ಯಾವಾಗ ತೊಡಬೇಕು? ಅವ್ವ ಹೋಗಿ ಆರು ವರ್ಷವಾಯಿತು. ಆ ಮೇಲಂತೂ ಅವಕ್ಕೆ ಕತ್ತರಿ ಹಾಕಲು ಕೈಯೇ ಬರಲಿಲ್ಲ. ಖಣಗಳ ಅಡಿಯಲ್ಲಿ ದೊಡ್ಡ ದೊಡ್ಡ ಹಸಿರು ಎಲೆಗಳ ಪರದೆ ಬಟ್ಟೆಯೂ ಮೂರು ಮೀಟರ್ ಇತ್ತು. ಹಿಂದಿನ ಮನೆಯ ಕಿಟಕಿಗೆಂದು ತಂದು ಹಾಗೆಯೇ ಉಳಿದದ್ದು. ಅದನ್ನು ಬಿಡಿಸಿ ಹಾಸಿದಾಗ ಪಕ್ಕದಲ್ಲಿದ್ದ ಮಗಳು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಹೊಟ್ಟೆಯ ಮೇಲೆ ಗಂಟು ಹಾಕಿದ ರವಿಕೆ, ಝಾಲರಿನ ಲಂಗ, ಕೊರಳ ತುಂಬ ಮಣಿಸರ, ತಲೆಯ ರುಮಾಲಿನ ಮೇಲೆ ಹಣ್ಣಿನ ರಾಶಿ. ಹೆಸರು ಕಾರ್ಮೆನ್ ಮಿರಾಂಡಾ. ಬ್ರೆಜಿಲ್ ದೇಶದವಳು ಎಂದಷ್ಟೇ ನನಗೆ ಗೊತ್ತಿತ್ತು. ಅಳತೆ ಹಾಕುವ ಮೊದಲು ಆಕೆ ಯಾರೆಂದು ತಿಳಿಯೋಣ ಎಂದು ಓದಲು ಕೂತವಳು ಒಂದು ವಾರ ಮಷೀನು ಮುಟ್ಟಲಿಲ್ಲ.

ಮೊದಲ ಆಶ್ಚರ್ಯವೆಂದರೆ ಆಕೆ ಹುಟ್ಟಿದ್ದು ಬ್ರೆಜಿಲಿನಲ್ಲಿ ಅಲ್ಲ. 1909ರ ಫೆಬ್ರವರಿ 9ರಂದು ಪೋರ್ಚುಗಲ್ಲಿನ ಉತ್ತರದ ಒಂದು ಹಳ್ಳಿಯಲ್ಲಿ ಹುಟ್ಟಿದಳು. ಇಟ್ಟ ಹೆಸರು ಮರಿಯಾ ದೊ ಕಾರ್ಮೊ. ಅಪ್ಪನಿಗೆ ಒಪೆರಾ ಎಂದರೆ ಪ್ರೀತಿ, ಆದ್ದರಿಂದ ಮನೆಯಲ್ಲಿ ಕಾರ್ಮೆನ್ ಎಂದು ಕರೆದರು. ಹೊಟ್ಟೆಪಾಡಿಗಾಗಿ ಅಪ್ಪ ರಿಯೊ ದೆ ಜನೈರೊಗೆ ಹೋಗಿ ಕ್ಷೌರದಂಗಡಿ ಹಾಕಿದ. ಅದೇ ವರ್ಷ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿದಳು. ಕಾರ್ಮೆನ್‌ಗೆ ಆಗ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಬೇರೆ ಊರಿಗೆ ಬಂದು ಬೇರೂರಿದ ಮನೆಯ ಮಗಳು ಆಕೆ, ನಮ್ಮ ಮಕ್ಕಳ ಹಾಗೆಯೇ.

ಮನೆಯಲ್ಲಿ ಅನುಕೂಲವಿರಲಿಲ್ಲ. ಅಕ್ಕ ಓಲಿಂಡಾಗೆ ಕ್ಷಯ ಅಂಟಿತು. ಆಕೆಯನ್ನು ಚಿಕಿತ್ಸೆಗೆ ಪೋರ್ಚುಗಲ್ಲಿಗೆ ಕಳಿಸಬೇಕಾಯಿತು. ತಾಯಿ ಖಾನಾವಳಿ ನಡೆಸಿದಳು. ಕಾರ್ಮೆನ್ ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಟೈ ಮಾರುವ ಅಂಗಡಿಗೆ ಸೇರಿದಳು. ಅಲ್ಲಿಂದ ಹೆಂಗಸರ ಟೋಪಿಯ ಅಂಗಡಿಗೆ ಹೋಗಿ ಟೋಪಿ ಮಾಡುವುದನ್ನು ಕಲಿತಳು. ಬಟ್ಟೆಯನ್ನು ಹೇಗೆ ಸುತ್ತಬೇಕು, ಎಲ್ಲಿ ಟಾಕಿ ಹಾಕಬೇಕು, ಅದರ ಮೇಲೆ ಹೂವೋ ಗರಿಯೋ ಹೇಗೆ ನಿಲ್ಲಿಸಬೇಕು ಎಂಬುದೆಲ್ಲ ಆ ಕೈಗೆ ಬಂದದ್ದು ಅಲ್ಲಿ. ಮುಂದೆ ಜಗತ್ತು ನೋಡಿ ಬೆರಗಾದ ರುಮಾಲುಗಳ ಹಿಂದೆ ಈ ಕೆಲಸದ ಹುಡುಗಿ ಇದ್ದಳು. ಟೋಪಿ ಹೊಲಿಯುತ್ತ ಹಾಡಿಕೊಳ್ಳುವ ಅಭ್ಯಾಸ ಬೇರೆ. ಅಂಗಡಿಯವರು ಗದರುತ್ತಿದ್ದರಂತೆ, ಗಿರಾಕಿಗಳು ಮಾತ್ರ ಕೇಳಲು ನಿಲ್ಲುತ್ತಿದ್ದರಂತೆ.

ಜೋಸುವೆ ದೆ ಬಾರೋಸ್ ಎಂಬ ಸಂಗೀತಗಾರ ಆಕೆಯ ಕಂಠವನ್ನು ಗುರುತಿಸಿದ. 1929ರಲ್ಲಿ ಮೊದಲ ಧ್ವನಿಮುದ್ರಣವಾಯಿತು. 1930ರ ಕಾರ್ನಿವಲ್ ಹೊತ್ತಿಗೆ ಬಂದ ‘ತಾಯಿ’ ಎಂಬ ಹಾಡಿನ ತಟ್ಟೆಗಳು ಸುಮಾರು 35 ಸಾವಿರ ಮಾರಾಟವಾದವು, ಆ ದಿನಗಳಿಗೆ ಅದು ದಾಖಲೆ. (ಹೆಸರು ನೋಡಿ ಮೋಸಹೋಗಬೇಡಿ, ನಮ್ಮ ತಾಯಿಗೂ ಅದಕ್ಕೂ ಸಂಬಂಧವಿಲ್ಲ, ಪೋರ್ಚುಗೀಸಿನಲ್ಲಿ ಅಗೋ ಅಲ್ಲಿದೆ ಎಂಬಂಥ ಅರ್ಥ.) ರೇಡಿಯೊದಲ್ಲಿ ಕರಾರಿನ ಮೇಲೆ ಸಂಬಳ ಪಡೆದ ಬ್ರೆಜಿಲಿನ ಮೊದಲ ಗಾಯಕಿಯೂ ಆಕೆಯೇ. ಹತ್ತು ವರ್ಷ ಆಕೆ ಹಾಡಿದ್ದು ಸಾದಾ ಗೌನು ತೊಟ್ಟು. ಹಣ್ಣು, ಮಣಿ, ರುಮಾಲು ಯಾವುದೂ ಇರಲಿಲ್ಲ.

ಆ ಉಡುಗೆ ಬಂದದ್ದು ‘ಬನಾನಾ ದ ತೆರ್‍ರಾ’ ಎಂಬ ಸಿನಿಮಾದಲ್ಲಿ, 1939ರಲ್ಲಿ. ಬಯಾ ಪ್ರಾಂತದ ಡೊರಿವಾಲ್ ಕಾಯ್ಮಿ ಬರೆದ ಹಾಡು, ಬಯಾದ ಹೆಂಗಸು ಏನೇನು ತೊಡುತ್ತಾಳೆ ಎಂದು ಒಂದೊಂದಾಗಿ ಹೇಳುವಂಥದ್ದು. ಹಾಡಿಗೆ ತಕ್ಕಂತೆ ಕಾರ್ಮೆನ್ ಬಯಾದ ಹೆಂಗಸಾದಳು. ಬಯಾದ ಹೆಂಗಸರೆಂದರೆ ಆಫ್ರಿಕಾದಿಂದ ಗುಲಾಮರಾಗಿ ತಂದವರ ವಂಶದವರು. ಬ್ರೆಜಿಲಿನಲ್ಲಿ ಗುಲಾಮಗಿರಿ ಹೋದದ್ದೇ 1888ರಲ್ಲಿ. ಸಾಲ್ವದೋರ್ ನಗರದ ಬೀದಿಯಲ್ಲಿ ಅವರು ಬಿಳಿ ಲೇಸಿನ ರವಿಕೆ, ಅಗಲ ಲಂಗ, ರುಮಾಲು, ಮಣಿಸರ ತೊಟ್ಟು ಅಕರಾಜೆ ಎಂಬ ತಿಂಡಿ ಮಾರುತ್ತಾರೆ. ನೆನೆಸಿದ ಅಲಸಂದೆಯ ಸಿಪ್ಪೆ ತೆಗೆದು, ರುಬ್ಬಿ, ತಾಳೆ ಎಣ್ಣೆಯಲ್ಲಿ ಕರಿದ ವಡೆ ಅದು. ಓದಿದಾಗ ನನಗೆ ನಮ್ಮ ಅಲಸಂದೆ ವಡೆಯೇ ನೆನಪಾಯಿತು. ಮೈ ಬಗ್ಗಿಸಿ ದುಡಿಯುವ ಕಪ್ಪು ಹೆಂಗಸರ ಆ ಉಡುಗೆಗೆ ಕಾರ್ಮೆನ್ ಬಣ್ಣ ತುಂಬಿದಳು, ಮಿಂಚು ಹಚ್ಚಿದಳು, ತಲೆಯ ಮೇಲೆ ಪುಟ್ಟ ಹಣ್ಣಿನ ಬುಟ್ಟಿ ಇಟ್ಟಳು. ಎತ್ತರ ಸುಮಾರು ಐದೇ ಅಡಿ, ಅದಕ್ಕೆ ದಪ್ಪ ಅಟ್ಟೆಯ ಚಪ್ಪಲಿ. ಅವರು ತೊಟ್ಟಾಗ ಯಾರೂ ತಿರುಗಿ ನೋಡದಿದ್ದ ಬಟ್ಟೆಗೆ ಬಿಳಿ ಹುಡುಗಿ ತೊಟ್ಟಾಗ ಚಪ್ಪಾಳೆ ಬಿತ್ತು ಎಂಬುದನ್ನೂ ಹೇಳಲೇಬೇಕು. ಅದನ್ನು ಮುಚ್ಚಿಟ್ಟರೆ ನಾನು ಹಾಕಿದ ವೇಷಕ್ಕೆ ಅರ್ಥವಿಲ್ಲ.

ಅದೇ ವರ್ಷ ರಿಯೊದ ಉರ್ಕಾ ಕ್ಯಾಸಿನೊದಲ್ಲಿ ಆಕೆಯ ಹಾಡು ಕೇಳಿದ ನ್ಯೂಯಾರ್ಕಿನ ನಾಟಕ ವ್ಯಾಪಾರಿ ಲೀ ಶುಬರ್ಟ್ ಕರೆ ಕೊಟ್ಟ. ನನ್ನ ವಾದ್ಯದವರು ಬಂದರೆ ಮಾತ್ರ ಬರುತ್ತೇನೆ ಎಂದು ಆಕೆ ಪಟ್ಟು ಹಿಡಿದಳು. ಕೊನೆಗೆ ಬಾಂಡೊ ದ ಲುವಾ ತಂಡವನ್ನು ಕರೆದುಕೊಂಡೇ ಹಡಗು ಹತ್ತಿದಳು. ಬ್ರಾಡ್‌ವೇ ರಂಗದ ಮೇಲೆ ಸಿಕ್ಕಿದ್ದು ಆರೇ ನಿಮಿಷ, ಹಾಡು ಪೋರ್ಚುಗೀಸಿನಲ್ಲಿ, ಅಲ್ಲಿ ಯಾರಿಗೂ ಅರ್ಥವಾಗದ್ದು. ಆದರೂ ನ್ಯೂಯಾರ್ಕ್ ಆಕೆಗೆ ಮರುಳಾಯಿತು. ದೊಡ್ಡ ಅಂಗಡಿಗಳ ಕಿಟಕಿಯಲ್ಲಿ ಆಕೆಯ ಮಾದರಿಯ ರುಮಾಲು, ಮಣಿಸರ ಮಾರಾಟಕ್ಕೆ ಬಂದವು.

1940ರ ಜುಲೈನಲ್ಲಿ ಆಕೆ ರಿಯೊಗೆ ಮರಳಿದಾಗ ಬೀದಿಯ ಜನ ಹೂವಿನಂತೆ ಎತ್ತಿಕೊಂಡರು. ಆದರೆ ಅದೇ ಉರ್ಕಾ ಕ್ಯಾಸಿನೊದಲ್ಲಿ, ದೊಡ್ಡವರು ಕೂತಿದ್ದ ಸಭೆಯಲ್ಲಿ, ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ ಹಾಡಲು ತೊಡಗಿದರೆ ಸಭೆ ತಣ್ಣಗೆ ಕೂತುಬಿಟ್ಟಿತು. ಇವಳು ಅಮೆರಿಕದವಳಾಗಿ ಬಂದಿದ್ದಾಳೆ ಎಂಬುದು ಅವರ ದೂರು. ಆಕೆ ಒಳಗೆ ಹೋಗಿ ಅತ್ತಳಂತೆ. ಎರಡು ತಿಂಗಳ ನಂತರ ಅದೇ ವೇದಿಕೆಗೆ ಹೊಸ ಹಾಡುಗಳೊಂದಿಗೆ ಬಂದಳು. ಅಮೆರಿಕದವಳಾದೆ ಎನ್ನುವ ಮಾತಿಗೆ ಸಾಂಬಾ ಹಾಡಿನಲ್ಲೇ ಉತ್ತರ ಕೊಟ್ಟಳು. ಆ ದಿನ ಸಭೆ ಕೈತಟ್ಟಿತು. ಮರುತಿಂಗಳೇ ಆಕೆ ಅಮೆರಿಕಕ್ಕೆ ಹೋದಳು. ಮತ್ತೆ ಹದಿನಾಲ್ಕು ವರ್ಷ ಬರಲಿಲ್ಲ.

ಈ ಜಾಗದಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. ಹೋದ ವರ್ಷ ತವರಿನ ಮದುವೆಯಲ್ಲಿ ನಾನು ಬಾಯಿ ತೆರೆದ ಕೂಡಲೇ ವೈನಿ ನಕ್ಕು, ನಿನ್ನ ಕನ್ನಡ ಪೂರಾ ಬೊಂಬಾಯಿ ಆಗ್ಯಾದ ಎಂದಿದ್ದರು. ತಮಾಷೆಗೇ ಅಂದದ್ದು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಇಲ್ಲಿ ನಲವತ್ತು ಮನೆಯ ಸೊಸೈಟಿಯಲ್ಲಿ ನಾನು ಕನ್ನಡದವಳು, ಅಲ್ಲಿ ಮುಂಬೈಯವಳು. ಇದನ್ನು ಓದುವ ನಿಮ್ಮಲ್ಲಿ ಎಷ್ಟೋ ಜನ ಈ ಮಾತನ್ನು ಕೇಳಿಸಿಕೊಂಡೇ ಬಂದಿರುತ್ತೀರಿ. ಎದ್ದು ಟ್ರಂಕು ತೆರೆದೆ, ಕತ್ತರಿ ತೆಗೆದುಕೊಂಡೆ.

ಹೊಲಿದ ಬಗೆ ಕೇಳಿದವರಿಗೆ ಲೆಕ್ಕ ಇಲ್ಲಿದೆ. ಲಂಗಕ್ಕೆ ಎಲೆಯ ಪರದೆ ಬಟ್ಟೆ, 48 ಇಂಚು ಅಗಲದ್ದು. ಹನ್ನೆರಡು ಇಂಚಿನ ಏಳು ಪಟ್ಟಿ ಕತ್ತರಿಸಿದೆ. ಮೂರು ಅಂತಸ್ತು, ಪ್ರತಿ ಅಂತಸ್ತು ಮೇಲಿನದರ ಒಂದೂವರೆ ಪಟ್ಟು. ಸೊಂಟ 36 ಇಂಚು, ಮೊದಲ ಅಂತಸ್ತು 54, ಎರಡನೆಯದು 81, ಕೆಳಗಿನದು 121. ಮಷೀನಿನಲ್ಲಿ ಉದ್ದ ಟಾಕಿ ಹಾಕಿ ದಾರ ಎಳೆದರೆ ನೆರಿಗೆ ತಾನೇ ಕೂಡುತ್ತದೆ. ಎರಡು ಸಾಲು ಹಾಕಿ ಎಳೆಯಿರಿ, ಒಂದು ಸಾಲು ನಡುವೆ ಕಡಿಯುತ್ತದೆ. ರವಿಕೆಗೆ ಅವ್ವನ ಕೆಂಪು ಖಣ, ಮುಂದೆ ಗಂಟು ಕಟ್ಟುವ ಹಾಗೆ. ನನ್ನ ವಯಸ್ಸಿಗೆ ಹೊಟ್ಟೆ ಕಾಣುವುದು ಬೇಡವೆಂದು ಒಳಗೆ ಪಟ್ಟಿ ಜೋಡಿಸಿದೆ. ರುಮಾಲಿಗೆ ಹಳೆಯ ವಾಯಿಲ್ ಸೀರೆಯ ಎರಡು ಮೀಟರ್. ಹಣ್ಣು ಗಣಪತಿ ಅಲಂಕಾರಕ್ಕೆ ತಂದಿದ್ದ ಪ್ಲಾಸ್ಟಿಕ್ಕಿನವು. ಖಣದ ಒಳಗೆ ಎರಡೂ ಪಕ್ಕ ಒಂದೊಂದು ಇಂಚು ಮಾರ್ಜಿನ್ ಬಿಟ್ಟೆ. ಮೈ ಬದಲಾಗುತ್ತದೆ, ಬಿಚ್ಚಿ ಹೊಲಿಯಲು ಜಾಗ ಇರಬೇಕು ಎಂದು ಅವ್ವ ಹೇಳಿಕೊಟ್ಟದ್ದು.

ಕಾರ್ಮೆನ್‌ಗೆ ಆ ಮಾರ್ಜಿನ್ ಸಿಗಲಿಲ್ಲ. ಹಾಲಿವುಡ್‌ನಲ್ಲಿ ಸಿನಿಮಾದ ಮೇಲೆ ಸಿನಿಮಾ ಬಂತು, ಎಲ್ಲದರಲ್ಲೂ ಅದೇ ರುಮಾಲು, ಅದೇ ಮುರುಕು ಇಂಗ್ಲಿಷ್, ಅದೇ ನಗು. 1943ರ ‘ದ ಗ್ಯಾಂಗ್ಸ್ ಆಲ್ ಹಿಯರ್’ ಚಿತ್ರದಲ್ಲಿ ಸುತ್ತಲೂ ಹುಡುಗಿಯರು ಆಳೆತ್ತರದ ಬಾಳೆಹಣ್ಣು ಎತ್ತಿ ಇಳಿಸುತ್ತಾರೆ. 1945ರಲ್ಲಿ ಅಮೆರಿಕದಲ್ಲೇ ಅತಿ ಹೆಚ್ಚು ಗಳಿಸುವ ಹೆಂಗಸು ಆಕೆ, ವರ್ಷಕ್ಕೆ ಎರಡು ಲಕ್ಷ ಡಾಲರಿಗೂ ಮೇಲೆ. ಬೇರೆ ಪಾತ್ರ ಬೇಕೆಂದು ಫಾಕ್ಸ್ ಕಂಪನಿಯ ಕರಾರಿನಿಂದ ಹೊರಬಂದು 1947ರ ‘ಕೋಪಕಬಾನಾ’ದಲ್ಲಿ ಎರಡು ಪಾತ್ರ ಮಾಡಿದಳು. ಒಂದು ಮುಸುಕಿನ ಫ್ರೆಂಚ್ ಗಾಯಕಿ, ಇನ್ನೊಂದು ಮತ್ತದೇ ಬ್ರೆಜಿಲಿನವಳು. ತಾನೇ ಕಟ್ಟಿಕೊಂಡ ರುಮಾಲನ್ನು ಬಿಚ್ಚಿಡಲು ಆಕೆಗೆ ಆಗಲಿಲ್ಲ.

ಅದೇ ವರ್ಷ ಡೇವಿಡ್ ಸೆಬಾಸ್ಟಿಯನ್‌ನನ್ನು ಮದುವೆಯಾದಳು. ಮರುವರ್ಷ ಗರ್ಭ ನಿಲ್ಲಲಿಲ್ಲ. ದುಡಿಯಲು ಒಂದು ಗುಳಿಗೆ, ಮಲಗಲು ಇನ್ನೊಂದು ಎಂಬಂತಾಯಿತು ಬಾಳು. 1954ರ ಡಿಸೆಂಬರಿನಲ್ಲಿ ಸೋತ ಮೈ ಹೊತ್ತು ರಿಯೊಗೆ ಬಂದು, ಕೆಲವು ತಿಂಗಳು ಸುಧಾರಿಸಿಕೊಂಡು, ಮತ್ತೆ ಕೆಲಸಕ್ಕೆ ಹೋದಳು. 1955ರ ಆಗಸ್ಟ್ 4ರಂದು ಜಿಮ್ಮಿ ಡ್ಯುರಾಂಟೆಯ ಟೀವಿ ಕಾರ್ಯಕ್ರಮದ ಚಿತ್ರೀಕರಣದಲ್ಲಿ ಕುಣಿಯುತ್ತ ಮಂಡಿ ಕುಸಿಯಿತು. ಎದ್ದು, ಉಸಿರು ಸಾಲದು ಎಂದು ನಕ್ಕು, ಕುಣಿತ ಮುಗಿಸಿಯೇ ಮನೆಗೆ ಹೋದಳು. ಆ ರಾತ್ರಿ ಕಳೆಯುವ ಮೊದಲೇ ಹೃದಯಾಘಾತವಾಯಿತು. ವಯಸ್ಸು 46.

ದೇಹವನ್ನು ರಿಯೊಗೆ ತಂದರು. ಸ್ಮಶಾನದವರೆಗೆ ಐದು ಲಕ್ಷಕ್ಕೂ ಹೆಚ್ಚು ಜನ ಬಂದರೆಂದು ಅಂದಾಜು. ಕೊನೆಯವರೆಗೂ ಕಾಗದದ ಮೇಲೆ ಆಕೆ ಪೋರ್ಚುಗಲ್ಲಿನ ಪ್ರಜೆಯೇ. ಅಂದು ಅದನ್ನು ಯಾರು ನೋಡಿದರು? ಅವಳು ನಮ್ಮವಳಲ್ಲ ಎಂದ ಊರೇ ನಮ್ಮವಳು ಎಂದು ಅತ್ತಿತು. ಹದಿನೈದು ವರ್ಷ ಮೊದಲೇ ಆ ಮಾತು ಹೇಳಿದ್ದರೆ ಎಂದು ನನಗೆ ಅನ್ನಿಸಿತು. ರಿಯೊದಲ್ಲಿ 1976ರಲ್ಲಿ ಆಕೆಯ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಆ ಉಡುಗೆ, ರುಮಾಲು, ದಪ್ಪ ಚಪ್ಪಲಿಗಳು ಅದರ ಸಂಗ್ರಹದಲ್ಲಿವೆ.

ನಮ್ಮ ಕಾರ್ಯಕ್ರಮದ ಫೋಟೊ ತವರಿಗೂ ಹೋಯಿತು. ವೈನಿ ಫೋನು ಮಾಡಿದರು. ಬೈಯುತ್ತಾರೇನೋ ಎಂದುಕೊಂಡೆ. ಆ ಕೆಂಪು ಖಣ ಅತ್ತಿಯವರು ಕೊಟ್ಟದ್ದಲ್ಲವೇ, ಗುರುತು ಸಿಕ್ಕಿತು ಎಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ, ಮುಂದಿನ ಸಲ ಬಂದಾಗ ತೊಟ್ಟುಕೊಂಡು ಬಾ, ಹಣ್ಣು ಮಾತ್ರ ಅಲ್ಲೇ ಇಟ್ಟು ಬಾ ಎಂದರು.

ಟ್ರಂಕಿನಲ್ಲಿ ಇನ್ನೂ ಹನ್ನೊಂದು ಖಣ ಇವೆ. ನಿಮ್ಮ ಮಂಚದ ಕೆಳಗೂ ಇರುತ್ತವೆ, ನನಗೆ ಗೊತ್ತು. ತೆಗೆಯಿರಿ, ಕತ್ತರಿಸಿರಿ. ಒಳಗೆ ಒಂದಿಂಚು ಬಿಡುವುದನ್ನು ಮಾತ್ರ ಮರೆಯಬೇಡಿ.